ಬಾಣಂತಿ ಗಾಡಿ

ನಾನು ಹುಟ್ಟಿದ್ದು ಜರ್ಮನಿಯಲ್ಲಿ, ವೋಲ್ಫ್ಸ್‌ಬುರ್ಗ್ ಎಂಬ ಊರಿನ ಕಾಲುವೆ ದಂಡೆಗಿದ್ದ ಒಂದು ದೊಡ್ಡ ಕಾರ್ಖಾನೆಯಲ್ಲಿ. ಹುಟ್ಟಿದೆ ಎನ್ನುವುದಕ್ಕಿಂತ ಕೂಡಿಬಂದೆ ಎನ್ನಬೇಕು. ತಗಡು ಒಂದು ಕಡೆಯಿಂದ ಬಂತು, ಗಾಜು ಇನ್ನೊಂದು ಕಡೆಯಿಂದ, ಗಾಲಿಗಳು ಮತ್ತೊಂದು ಕಡೆಯಿಂದ. ಗೂನು ಬೆನ್ನು, ದುಂಡು ಕಣ್ಣು, ಮೋಡದ ಬಣ್ಣ. ನನ್ನನ್ನು ಚೆಲುವ ಎಂದು ಯಾರೂ ಕರೆಯಲಿಲ್ಲ, ಆ ಆಸೆಯನ್ನು ನಾನೂ ಇಟ್ಟುಕೊಳ್ಳಲಿಲ್ಲ. ಒಂದು ಮಾತನ್ನು ಮಾತ್ರ ಈಗಲೇ ಹೇಳಿಬಿಡುತ್ತೇನೆ. ಬೇರೆ ಕಾರುಗಳಿಗೆ ಎಂಜಿನ್ ಮುಂದಿರುತ್ತದೆ, ನನಗೆ ಹಿಂದೆ. ಮುಂದಿನ ಬಾನೆಟ್ ಎತ್ತಿದರೆ ಸ್ಟೆಪ್ನಿ, ಪೆಟ್ರೋಲ್ ಟ್ಯಾಂಕು, ನಾಲ್ಕಾರು ಗಂಟು ಇಡುವಷ್ಟು ಜಾಗ, ಅಷ್ಟೇ. ಹಿಂದಿನ ಸೀಟಿನಲ್ಲಿ ಕೂತವರ ಬೆನ್ನಿಗೆ ಮಾತ್ರ ಸದಾ ಕಾವು.

ನನ್ನ ಕುಲದ ಹೆಸರು ಫೋಕ್ಸ್‌ವ್ಯಾಗನ್. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಮಂದಿಯ ಗಾಡಿ. ಹೆಸರು ದೊಡ್ಡದು, ಆದರೆ ಅದರ ಹಿಂದಿನ ಕಥೆ ಹೇಳಲು ನನಗೇ ನಾಚಿಕೆ. ಪ್ರತಿ ಮನೆಗೂ ಒಂದು ಕಾರು ಕೊಡುತ್ತೇವೆ ಎಂದು ಅಲ್ಲಿನ ಸರ್ವಾಧಿಕಾರಿಯ ಸರಕಾರ ಮಾತು ಕೊಟ್ಟಿತ್ತು. ಬಡಬಗ್ಗರೆಲ್ಲ ವಾರವಾರವೂ ದುಡ್ಡು ಕಟ್ಟಿ, ಅದರ ಗುರುತಿಗೆ ಪುಸ್ತಕದಲ್ಲಿ ಚೀಟಿ ಅಂಟಿಸಿಕೊಂಡು ಕಾದರು. ಅಷ್ಟರಲ್ಲಿ ಯುದ್ಧ ಬಂತು. ಕಾರ್ಖಾನೆಯಲ್ಲಿ ದಂಡಿನ ಗಾಡಿಗಳು ತಯಾರಾದವು, ಹಿಡಿದು ತಂದ ಪರದೇಶದ ಜನರನ್ನು ಅಲ್ಲಿ ಜೀತಕ್ಕೆ ದುಡಿಸಿದರು. ಚೀಟಿ ಅಂಟಿಸಿದವರಲ್ಲಿ ಒಬ್ಬರಿಗೂ ಆಗ ಕಾರು ಸಿಗಲಿಲ್ಲ. ಯುದ್ಧ ಮುಗಿದು, ಬಾಂಬು ಬಿದ್ದ ಗೋಡೆಗಳನ್ನು ಮತ್ತೆ ಎತ್ತಿ, ನನ್ನಂಥವರನ್ನು ಲಕ್ಷಗಟ್ಟಲೆ ಹೊರಗೆ ಬಿಟ್ಟಾಗಲೂ ಆ ಹೆಸರು ನಮ್ಮ ಮೈಮೇಲೆ ಹಾಗೇ ಉಳಿದಿತ್ತು.

ನನ್ನನ್ನು ಹಡಗಿನಲ್ಲಿ ಮುಂಬಯಿಗೆ ತರಿಸಿಕೊಂಡವಳು ಗೆರ್‌ಟ್ರೂಡ್ ಎಂಬ ನರ್ಸು. ಗದಗ ಸೀಮೆಯ ಒಂದು ಮಿಷನ್ ದವಾಖಾನೆಯಲ್ಲಿ ಅವಳ ಕೆಲಸ. ಆ ಹೆಸರು ಇಲ್ಲಿಯವರ ನಾಲಿಗೆಗೆ ಹತ್ತಲಿಲ್ಲ. ವಾರ ಕಳೆಯುವುದರೊಳಗೆ ಅವಳು ಗಿರಿಜಾಬಾಯಿ ಆಗಿದ್ದಳಂತೆ. ಬೆನ್ನು ಆಮೆಯದರಂತೆ ಇದ್ದುದಕ್ಕೆ ನನ್ನನ್ನು ಆಮಿ ಗಾಡಿ ಎಂದರು. ಪೆಟ್ರೋಲ್ ಬಂಕಿನ ಮುದುಕ ಪ್ರತಿಸಲವೂ ನೀರಿನ ಡಬ್ಬಿ ಹಿಡಿದುಕೊಂಡು ನನ್ನ ಸುತ್ತ ಒಂದು ಪ್ರದಕ್ಷಿಣೆ ಹಾಕುತ್ತಿದ್ದ. ರೇಡಿಯೇಟರ್ ಇಲ್ಲದ ಗಾಡಿ ಇರುತ್ತದೆಂದು ಅವನಿಗೆ ನಂಬಿಕೆಯೇ ಬರಲಿಲ್ಲ. ನಾನು ಗಾಳಿಗೇ ತಣ್ಣಗಾಗುವವನು.

ಗಿರಿಜಾಬಾಯಿಯ ಪಕ್ಕದ ಸೀಟಿನಲ್ಲಿ ಕೂರುತ್ತಿದ್ದವಳು ಲಿದಿಯಾ ಹೊಸಮನಿ. ಅದೇ ದವಾಖಾನೆಯ ನರ್ಸು, ಗಟ್ಟಿ ಆಳು, ಮಾತು ಕಡಿಮೆ. ಅವಳ ಕಥೆಯನ್ನು ನಾನು ಆ ಇಬ್ಬರ ಮಾತಿನಲ್ಲೇ ಕೇಳಿಕೊಂಡೆ. ಲಿದಿಯಾ ಸಣ್ಣವಳಿದ್ದಾಗ ಅವಳ ಅಕ್ಕನಿಗೆ ಹೆರಿಗೆ ಬೇನೆ ಎದ್ದಿತ್ತು. ಮಳೆಗಾಲ. ಎರೆಮಣ್ಣಿನಲ್ಲಿ ಚಕ್ಕಡಿ ಅಚ್ಚಿನ ತನಕ ಹೂತುಹೋಯಿತು. ಎತ್ತುಗಳು ಮಂಡಿಯೂರಿದವು. ಅಕ್ಕ ತಂಗಿಯ ಕೈ ಹಿಡಿದುಕೊಂಡೇ ದಾರಿಯಲ್ಲಿ ಹೋಗಿಬಿಟ್ಟಳು. ಗಿರಿಜಾಬಾಯಿ ಅವಳಿಗೆ ಡ್ರೈವಿಂಗ್ ಕಲಿಸಿದ ಮೊದಲ ದಿನ, ಸ್ಟೀರಿಂಗ್ ಹಿಡಿದು ಲಿದಿಯಾ ಹೇಳಿದ್ದು ಒಂದೇ ಮಾತು: "ದಾರಿಯಾಗ ಯಾರೂ ಸಾಯಬಾರದ್ರಿ, ಬಾಯಾರ."

ಆಮೇಲೆ ಕೆಲವು ವರ್ಷಕ್ಕೆ ಗಿರಿಜಾಬಾಯಿಯ ಆರೋಗ್ಯ ಕೆಟ್ಟಿತು. ತನ್ನ ದೇಶಕ್ಕೆ ಹೊರಟು ನಿಂತಾಗ ಬೀಗದ ಕೈಯನ್ನು ಲಿದಿಯಾಳ ಕೈಯಲ್ಲಿಟ್ಟಳು. ನನಗೆ ಅಳುವುದಕ್ಕೆ ಬರುವುದಿಲ್ಲ. ಬಂದಿದ್ದರೆ ಅವತ್ತು ಅಳುತ್ತಿದ್ದೆ.

ಹೆಂಗಸೊಬ್ಬಳು ಗಾಡಿ ಓಡಿಸುವುದನ್ನು ನೋಡಲು ಹಳ್ಳಿಗಳಲ್ಲಿ ಮಂದಿ ಮಾಳಿಗೆ ಏರುತ್ತಿದ್ದರು. ನಾನೂ ಆ ನೆಲಕ್ಕೆ ಹೇಳಿ ಮಾಡಿಸಿದ ಹಾಗೇ ಇದ್ದೆ. ಭಾರವೆಲ್ಲ ಹಿಂದಿನ ಗಾಲಿಯ ಮೇಲೆ ಇರುವುದರಿಂದ ಕೆಸರಿನಲ್ಲಿ ಜೀಪುಗಳು ಒದ್ದಾಡುವಲ್ಲಿ ನಾನು ತೆವಳಿಕೊಂಡಾದರೂ ಬರುತ್ತಿದ್ದೆ. ಆದರೆ ಎರಿಹಾಳದ ನಿಂಗವ್ವ ನನ್ನನ್ನು ಒಪ್ಪಲಿಲ್ಲ.

ನಿಂಗವ್ವನ ಸೊಸೆ ಶರಣವ್ವನಿಗೆ ಅದು ಎರಡನೆಯ ಬಸಿರು. ಮೊದಲನೆಯ ಕೂಸು ಉಳಿದಿರಲಿಲ್ಲ. ಬೇನೆ ಶುರುವಾಗಿದೆ ಎಂದು ಸುದ್ದಿ ಬಂದೊಡನೆ ಲಿದಿಯಾ ನನ್ನನ್ನು ಅವರ ಮನೆಯ ಮುಂದೆ ತಂದು ನಿಲ್ಲಿಸಿದಳು. ನಿಂಗವ್ವ ಬಂದು ಹಿಂದಿನ ಸೀಟಿಗೆ ಅಂಗೈ ಊರಿ ನೋಡಿದಳು, ಚುರುಕು ತಾಗಿದವಳಂತೆ ಕೈ ಹಿಂತೆಗೆದಳು.

"ಇದು ಬಾಣಂತಿ ಹೊರಸಾತಲ್ಲ ಬಾಯಾರ. ಹಡದಕ್ಕೀಗೆ ಹೊರಸಿನ ಕೆಳಗ ಅಗ್ಗಿಷ್ಟಿಗಿ ಇಡತೀವಿ. ಹಡೀದಽ ಕಾವು ತಗೊಂಡ್ರ ಕೂಸು ಉಳೀತೈತೇನು? ಬ್ಯಾಡ. ನಮ್ಮ ಚಕ್ಕಡಿ ಐತಿ."

ಹಾಗೆಂದರೆ ಏನೆಂದು ಆ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹಡೆದ ಹೆಂಗಸಿನ ಹೊರಸು ಮಂಚದ ಕೆಳಗೆ ಅಗ್ಗಿಷ್ಟಿಕೆಯಲ್ಲಿ ಕುಳ್ಳಿನ ಕೆಂಡ ಇಟ್ಟು ಮೈ ಕಾಯಿಸುವುದು ಅಲ್ಲಿಯ ಪದ್ಧತಿ. ಹಡೆಯುವ ಮೊದಲೇ ಆ ಕಾವು ತಾಗಿಸುವುದೆಂದರೆ ನಿಂಗವ್ವನ ಲೆಕ್ಕದಲ್ಲಿ ಹೊಟ್ಟೆಯಲ್ಲಿರುವ ಕೂಸಿನ ಪಾಲನ್ನು ಕಸಿದುಕೊಂಡಂತೆ. ಲಿದಿಯಾ ಎಷ್ಟು ಹೇಳಿದರೂ ಮುದುಕಿ ಜಗ್ಗಲಿಲ್ಲ. ಚಕ್ಕಡಿ ಹೂಡಿದರು.

ಲಿದಿಯಾ ವಾದ ಬಿಟ್ಟಳು. ಮೊದಲನೆಯ ಗೇರಿನಲ್ಲಿ ಚಕ್ಕಡಿಯ ಹಿಂದೆಯೇ ನನ್ನನ್ನು ನಡೆಸಿಕೊಂಡು ಹೊರಟಳು. ಎತ್ತಿನ ನಡಿಗೆಗೆ ಸರಿಯಾಗಿ ಹೋಗುವ ಕಷ್ಟ ನನಗೊಬ್ಬನಿಗೇ ಗೊತ್ತು. ಗಾಳಿ ತಾಗದೆ ಎಂಜಿನ್ ಕೆಂಡವಾಗಿತ್ತು. ಮುಂದೆ ಚಕ್ಕಡಿಯಲ್ಲಿ ಶರಣವ್ವ ಕೌದಿ ಕಚ್ಚಿಕೊಂಡು ನರಳುತ್ತಿದ್ದಳು. ಲಿದಿಯಾ ನನ್ನ ಸ್ಟೀರಿಂಗನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ, ಇವಳು ಈಗ ಹಿಡಿದಿರುವುದು ಅಕ್ಕನ ಕೈಯನ್ನೇ ಎಂದು ನನಗೆ ಅನ್ನಿಸಿತು.

ಹಳ್ಳದ ಏರಿನಲ್ಲಿ ಎತ್ತುಗಳು ನಿಂತವು. ಲಿದಿಯಾ ಇಳಿದು ಹೋಗಿ ನಿಂಗವ್ವನ ತೋಳು ಹಿಡಿದು ನನ್ನ ಮುಂದೆ ಕರೆತಂದಳು. ಬಾನೆಟ್ ಎತ್ತಿದಳು.

"ನೋಡ ಯವ್ವಾ. ಕೈ ಹಾಕಿ ನೋಡು. ಇಲ್ಲಿ ಬೆಂಕಿ ಐತೇನು?"

ನಿಂಗವ್ವ ಒಳಗೆ ಕೈಯಾಡಿಸಿದಳು. ಸ್ಟೆಪ್ನಿ ಮುಟ್ಟಿದಳು, ತಣ್ಣನೆಯ ತಗಡು ಮುಟ್ಟಿದಳು. ಪೆಟ್ರೋಲ್ ಇರುವುದು ಅಲ್ಲಿಯೇ ಎಂದು ಲಿದಿಯಾ ಬಾಯಿ ಬಿಡಲಿಲ್ಲ, ನಾನಂತೂ ಬಿಡುವ ಹಾಗಿರಲಿಲ್ಲ.

"ಬೆಂಕಿ ಎಲ್ಲಾ ಹಿಂದ. ನಿನ್ನ ಸೊಸೀನ್ನ ಮುಂದ ಕುಂದರಸ್ತೀನಿ. ಆಕೀಗೆ ಕಾವು ತಾಗಂಗಿಲ್ಲ. ಹಿಂದ ನೀ ಕುಂದರು."

ಮುದುಕಿ ತಗಡಿನ ಮೇಲೆ ಇನ್ನೊಮ್ಮೆ ಕೈಯಿಟ್ಟು ನೋಡಿದಳು. ಆಮೇಲೆ, "ಕುಂದರಸು," ಎಂದಳು.

ಆ ದಿನ ನಾನು ಓಡಿದ ಓಟವನ್ನು ಮತ್ತೆ ಓಡಿಲ್ಲ. ದವಾಖಾನೆಯ ಮೆಟ್ಟಿಲು ಮುಟ್ಟಿದ ಸ್ವಲ್ಪ ಹೊತ್ತಿಗೇ ಶರಣವ್ವ ಹಡೆದಳು. ಹೆಣ್ಣು ಕೂಸು, ತಾಯಿ ಇಬ್ಬರೂ ಉಳಿದರು. ಊರಿಗೆ ಮರಳುವ ದಿನ ಸೊಸೆ ಬಂದ ಹಾಗೆಯೇ ಮುಂದಿನ ಸೀಟಿಗೆ ಹತ್ತಲು ಹೋದರೆ ನಿಂಗವ್ವ ಗದರಿಸಿದಳು: "ಮುಂದ್ಯಾಕ ಹೋಗ್ತಿ? ಈಗ ನೀ ಬಾಣಂತಿ. ಹಿಂದ ಕುಂದರು, ಮೈ ಕಾಯಲಿ."

ಅದೇ ರಿವಾಜಾಗಿಬಿಟ್ಟಿತು. ಬಸುರಿ ಹೋಗುವಾಗ ಮುಂದೆ, ಬಾಣಂತಿ ಬರುವಾಗ ಹಿಂದೆ. ಸುತ್ತಲಿನ ಹಳ್ಳಿಗಳಲ್ಲಿ ಆಮಿ ಗಾಡಿ ಎಂಬ ಹೆಸರು ಮರೆತುಹೋಗಿ ನಾನು ಬಾಣಂತಿ ಗಾಡಿ ಆದೆ. ಗೌಡರ ಮನೆಯವರೂ ಕೂತರು, ಕೇರಿಯವರೂ ಕೂತರು. ಆ ಗಾಡಿಯಲ್ಲಿ ಯಾರೂ ಸತ್ತಿಲ್ಲ ಎಂಬ ಮಾತು ನನಗಿಂತ ಮುಂದೆ ಹೋಗಿ ಊರೂರಿಗೆ ಮುಟ್ಟುತ್ತಿತ್ತು. ಹೆದರಿದ ಅತ್ತೆಯರು ಆ ಮಾತಿನ ಮೇಲೆಯೇ ಸೊಸೆಯರನ್ನು ಕಳಿಸಿಕೊಡುತ್ತಿದ್ದರು. ಲಿದಿಯಾಳಿಗೆ ಅದು ಗೊತ್ತಿತ್ತು. ಒಬ್ಬರು ನನ್ನೊಳಗೆ ಕಣ್ಣು ಮುಚ್ಚಿದರೂ ಮರುದಿನದಿಂದ ಎಲ್ಲರೂ ಚಕ್ಕಡಿಗೆ ಹಿಂತಿರುಗುತ್ತಾರೆ ಎನ್ನುವುದೂ ಗೊತ್ತಿತ್ತು.

ನಡುವೆ ಅವಳಿಗೆ ದೂರದ ಊರಿಗೆ ವರ್ಗವಾದಾಗ ನನ್ನನ್ನು ಒಬ್ಬ ಟಾಕೀಸಿನ ಮಾಲೀಕರ ಸುಪರ್ದಿಗೆ ಬಿಟ್ಟಿದ್ದಳು. ಅವರು ನನ್ನ ತಲೆಯ ಮೇಲೆ ಎರಡು ಲೌಡ್‌ಸ್ಪೀಕರ್ ಕಟ್ಟಿ ಊರೆಲ್ಲ ಸಿನಿಮಾ ಸಾರಿಸಿದರು. ಆ ಕಾಲದ ಬಗ್ಗೆ ಇದಕ್ಕಿಂತ ಹೆಚ್ಚು ಹೇಳಲು ನನಗೆ ಮನಸ್ಸಿಲ್ಲ. ಲಿದಿಯಾ ಮರಳಿ ಬಂದವಳು ಮೊದಲು ಸ್ಪೀಕರ್ ಬಿಚ್ಚಿಸಿದಳು, ಆಮೇಲೆ ಚಹಾ ಕುಡಿದಳು.

ವರ್ಷಗಳು ಹೋದವು. ನನ್ನ ಬಿಡಿಭಾಗಗಳು ಸಿಗದಂತಾದವು. ಹುಬ್ಬಳ್ಳಿಯ ಗ್ಯಾರೇಜಿನ ಮಕ್ತುಮ್‌ಸಾಬ ಬೇರೆ ಗಾಡಿಗಳ ಸಾಮಾನನ್ನು ಅರದಿಂದ ಉಜ್ಜಿ ಉಜ್ಜಿ ನನಗೆ ಹೊಂದಿಸುತ್ತಿದ್ದ. "ಅಕ್ಕಾರ, ಈ ಗಾಡಿ ಈಗ ಅರ್ಧ ಜರ್ಮನಿ, ಅರ್ಧ ಹುಬ್ಬಳ್ಳಿ," ಎನ್ನುತ್ತಿದ್ದ. ಲಿದಿಯಾಳ ಕೂದಲು ಬೆಳ್ಳಗಾಯಿತು. ಅವಳು ನಿವೃತ್ತಳಾದಳು. ಮದುವೆ ಆಗಲಿಲ್ಲ, ಆಗುವ ಮಾತು ಎಂದಾದರೂ ಬಂದಿತ್ತೋ ಏನೋ, ನನ್ನೊಳಗೆ ಕೂತು ಯಾರೂ ಆಡಿದ್ದು ಕೇಳಿಲ್ಲ.

ಆಗ ನಿಂಗವ್ವ ದವಾಖಾನೆ ಸೇರಿದ್ದಳು, ಹಣ್ಣು ಹಣ್ಣು ಮುದುಕಿ. ಇನ್ನು ಮಾಡುವುದೇನೂ ಉಳಿದಿಲ್ಲ ಎಂದು ಡಾಕ್ಟರು ಹೇಳಿದ್ದರು. ಅವಳು ಲಿದಿಯಾಳಿಗೆ ಹೇಳಿಕಳಿಸಿದಳು. ಸೊಸೆ ಶರಣವ್ವ ಲಿದಿಯಾಳ ಮನೆಯ ಬಾಗಿಲಲ್ಲಿ ನಿಂತು ಅತ್ತೆಯ ಮಾತನ್ನು ಹಾಗೇ ಒಪ್ಪಿಸಿದಳು: "ಹೊರಗ ಸತ್ರ ನನ್ನ ಹೆಣಾನ ಹೊಸ್ತಿಲಾ ದಾಟಸಂಗಿಲ್ಲ, ಕಟ್ಟಿ ಮ್ಯಾಲೆ ಹಾಕ್ತಾರ. ನಾ ಕಟ್ಟಿದ ಮನಿ ಅದು. ಒಳಗ ಸಾಯ್ತೀನಿ. ಬಾಯಾರಿಗೆ ಗಾಡಿ ತರಾಕ ಹೇಳು, ಅಂದಾಳ್ರಿ."

ಮುದುಕಿ ಊರು ಮುಟ್ಟುವಳೋ ಇಲ್ಲವೋ ಎಂದು ಒಬ್ಬ ನರ್ಸಿಗೆ ಬೇರೆಯವರು ಹೇಳಬೇಕಾಗಿಲ್ಲ. ಇಷ್ಟು ವರ್ಷ ಕಾಪಾಡಿಕೊಂಡು ಬಂದ ಮಾತು ಒಂದು ಕಡೆ, ಮುದುಕಿಯ ಹೊಸ್ತಿಲು ಒಂದು ಕಡೆ. ಕೊನೆಗೆ ಲಿದಿಯಾ ಬೀಗದ ಕೈ ತೆಗೆದುಕೊಂಡಳು.

ಮಧ್ಯಾಹ್ನದ ಬಿಸಿಲು. ನಿಂಗವ್ವನನ್ನು ಹಿಂದಿನ ಸೀಟಿನಲ್ಲಿ ಸೊಸೆಯ ತೊಡೆಯ ಮೇಲೆ ಮಲಗಿಸಿದರು. ಊರು ದಾಟಿದ ಮೇಲೆ ಎಂಜಿನ್ ಬಿಸಿಯಾಯಿತು. ಕಾವು ಸೀಟಿಗೆ ಹತ್ತಿತು. ಮುದುಕಿ ಕಣ್ಣು ತೆರೆಯದೆಯೇ ಮಾತಾಡಿದಳು.

"ಏಳು ಹಡದೀನಿ ಬಾಯಾರ. ಒಂದು ಹೊಲದಾಗ ಹಡದು ಸಂಜಿಗೆ ಬಂದು ರೊಟ್ಟಿ ಬಡದೀನಿ. ಯಾರೂ ನನಗ ಒಂದು ಅಗ್ಗಿಷ್ಟಿಗಿ ಇಡಲಿಲ್ಲ."

ಲಿದಿಯಾ ಕನ್ನಡಿಯಲ್ಲಿ ಅವಳನ್ನು ನೋಡಿದಳು.

"ಭಾಳ ಹಿತಾಗೇತಿ," ಎಂದಳು ನಿಂಗವ್ವ. "ಈಗ ನನ್ನ ಬಾಣಂತನ ಆತು ನೋಡ ಶರಣಿ."

ಅದೇ ಹಳ್ಳದ ಏರಿನಲ್ಲಿ ಅವಳು ಹೋದಳು. ನನಗೆ ಮೊದಲು ತಿಳಿಯಿತು. ಉಸಿರಾಡುವ ಮೈ, ಎಷ್ಟೇ ಬಳಲಿದ್ದರೂ, ಗುಂಡಿ ಬಂದಾಗ ತನ್ನನ್ನು ತಾನು ತುಸು ಹಿಡಿದುಕೊಳ್ಳುತ್ತದೆ. ಆ ಗುಂಡಿಯಲ್ಲಿ ಅವಳು ಹಿಡಿದುಕೊಳ್ಳಲಿಲ್ಲ, ಭಾರವೆಲ್ಲ ನನ್ನ ಸ್ಪ್ರಿಂಗಿನ ಮೇಲೆ ಬಿತ್ತು. ಲಿದಿಯಾ ಕನ್ನಡಿ ನೋಡಿದಳು. ಶರಣವ್ವನೂ ಕನ್ನಡಿಯಲ್ಲಿ ಅವಳನ್ನೇ ನೋಡುತ್ತಿದ್ದಳು. ಶರಣವ್ವ ಕೌದಿಯನ್ನು ಅತ್ತೆಯ ಗದ್ದದ ತನಕ ಎಳೆದು, ಸೀಟಿಗೆ ಒತ್ತಿ ಹಿಡಿದಳು. ಲಿದಿಯಾ ನಿಲ್ಲಿಸಲಿಲ್ಲ. ಗೇರು ಇಳಿಸಿದಳು. ಏರು ಮುಗಿದು ಸಪಾಟು ದಾರಿ ಬಂದರೂ ಎರಡನೆಯ ಗೇರು. ಯಾಕೆಂದು ನನಗೆ ಒಂದು ಕ್ಷಣ ತಿಳಿಯಲಿಲ್ಲ, ಆಮೇಲೆ ತಿಳಿಯಿತು. ಎಂಜಿನ್ ಹೆಚ್ಚು ತಿರುಗಲಿ, ಹೆಚ್ಚು ಕಾಯಲಿ ಎಂದು. ನನ್ನ ಮುಪ್ಪಿನ ಮೈಯಲ್ಲಿ ಇದ್ದಷ್ಟು ಕಾವನ್ನೆಲ್ಲ ನಾನು ಆ ಸೀಟಿಗೆ ಕೊಟ್ಟೆ.

ಮನೆಯ ಮುಂದೆ ಗಂಡಸರು ಓಡಿ ಬಂದರು. ದೊಡ್ಡ ಮಗ, ಶರಣವ್ವನ ಗಂಡ ಗುರಪ್ಪ ಬಾಗಿಲು ತೆರೆದು ಕೇಳಿದ:

"ಅವ್ವ ಹೆಂಗದಾಳ?"

ಶರಣವ್ವ ಅತ್ತೆಯ ಕೈಯನ್ನು ಎತ್ತಿ ಗಂಡನ ಕೈಯಲ್ಲಿಟ್ಟಳು.

"ಮೈ ಬೆಚ್ಚಗೈತಿ. ಲಗೂನ ಒಳಗ ತರ್ರಿ."

ಬೆಚ್ಚಗೇ ಇತ್ತು. ಅವನು ತಾಯಿಯನ್ನು ಎರಡೂ ತೋಳಲ್ಲಿ ಎತ್ತಿಕೊಂಡು ಹೊಸ್ತಿಲು ದಾಟಿದ. ಪಡಸಾಲೆಯಲ್ಲಿ ಮಲಗಿಸಿ ಬಾಯಿಗೆ ನೀರು ಬಿಟ್ಟರು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಹೆಂಗಸರ ಅಳು ಎದ್ದಿತು. ಅಲ್ಲಿಯ ತನಕ ಲಿದಿಯಾ ಎಂಜಿನ್ ಬಂದ್ ಮಾಡಿರಲಿಲ್ಲ. ಆಗ ಮಾಡಿದಳು.

ಆ ಮುದುಕಿಯನ್ನೂ ಮನೆ ಮುಟ್ಟಿಸಿದ ಗಾಡಿ ಎಂದು ಜನ ಇನ್ನೂ ಹೇಳುತ್ತಾರೆ. ಮುಟ್ಟಿಸಿದ್ದು ನಿಜ. ಅಕ್ಕ ಸತ್ತ ದಾರಿಯ ನೆನಪಿಗೆ ಲಿದಿಯಾ ಕೊಟ್ಟ ಮಾತು ಆ ಏರಿನಲ್ಲಿ ಮುರಿಯಿತು, ಅದೂ ನಿಜ. ಯಾವುದು ಹೆಚ್ಚೆಂದು ನನ್ನನ್ನು ಕೇಳಬೇಡಿ.

ನನ್ನದು ಅದೇ ಕೊನೆಯ ಓಟ. ಈಗ ಲಿದಿಯಾಳ ಮನೆಯ ಹಿತ್ತಲಲ್ಲಿ ಬೇವಿನ ಮರದ ಕೆಳಗೆ ನಿಂತಿದ್ದೇನೆ. ಗಾಲಿಗಳಲ್ಲಿ ಗಾಳಿಯಿಲ್ಲ. ಹಳ್ಳಿಗಳಿಗೆ ಈಗ ಆಂಬುಲೆನ್ಸ್ ಹೋಗುತ್ತದೆ, ನನಗಿಂತ ಬೇಗ ಹೋಗುತ್ತದೆ, ಅದಕ್ಕೆ ನನಗೆ ಸಂತೋಷವೇ. ಮಂದಿಯ ಗಾಡಿ ಎಂಬ ಸುಳ್ಳು ಹೆಸರು ಹೊತ್ತು ಹುಟ್ಟಿದವನು ನಾನು. ಅದನ್ನು ನಿಜ ಮಾಡಿದವರು ಯಾವ ಚೀಟಿಯನ್ನೂ ಅಂಟಿಸದ ಈ ಸೀಮೆಯ ಹೆಂಗಸರು.

ಎರಿಹಾಳದಿಂದ ಬಂದ ಆ ಸಂಜೆ ಲಿದಿಯಾ ನನ್ನನ್ನು ಇದೇ ಮರದ ಕೆಳಗೆ ನಿಲ್ಲಿಸಿ ಇಳಿದಳು. ಮನೆಯ ಕಡೆ ಎರಡು ಹೆಜ್ಜೆ ಹೋದವಳು ತಿರುಗಿ ಬಂದಳು. ಮುಂದಿನ ಸೀಟು ಮಡಿಚಿ ಹಿಂದೆ ಹತ್ತಿದಳು. ಇಷ್ಟು ವರ್ಷದಲ್ಲಿ ಅವಳು ಅಲ್ಲಿ ಕೂತಿದ್ದು ಅದೇ ಮೊದಲು. ಕಾಲು ಮೇಲೆ ಎಳೆದುಕೊಂಡು ಬೆನ್ನನ್ನು ಸೀಟಿಗೆ ಒತ್ತಿ ಕಣ್ಣು ಮುಚ್ಚಿದಳು. ನನ್ನಲ್ಲಿ ಉಳಿದಿದ್ದ ಕಾವು ಆರುವ ತನಕ ಅಲ್ಲೇ ಇದ್ದಳು.