ಚಾರ್ಜಿಗೆ ನಿಂತ ಗಾಡಿ

ಅದಲ್ಲ, ಅದು ಬೇರೆ ಯಾವುದೋ ಗಾಡಿ, ಅವರದು ತಿರುವಿನಲ್ಲಿ ಜಲ್ಲಿಯನ್ನು ಇಷ್ಟು ಜೋರಾಗಿ ತುಳಿಯುವುದಿಲ್ಲ, ಮಗು ಮಲಗಿರುವ ಕೋಣೆಗೆ ಕಾಲಿಟ್ಟ ಹಾಗೆ ಮೆತ್ತಗೆ ಬರುತ್ತದೆ — ಹೊಲಿಗೆ ಯಂತ್ರದ ಚಕ್ರವನ್ನು ಕೈಯೊತ್ತಿ ನಿಲ್ಲಿಸಿದ್ದವಳು ಕೈ ತೆಗೆದು ಮತ್ತೆ ತುಳಿದಳು, ಕಾಲರಿನ ಅಂಚು ಸೊಟ್ಟಗೆ ಹೋಯಿತು, ಬಿಚ್ಚಬೇಕು, ಬೆಳಗಿನಿಂದ ಇದೇ ಆಯಿತು, ಶಾಲೆಯವರ ಸಮವಸ್ತ್ರದ ರಾಶಿ ಮಂಚದ ಮೇಲೆ ಹಾಗೇ ಇದೆ, ತೋಳುಗಳು ಒಂದು ಕಡೆ, ಬೆನ್ನುಗಳು ಒಂದು ಕಡೆ, ಇವಳ ಕಿವಿಗಳು ರಸ್ತೆಯಲ್ಲಿ. ಎಲೆಕ್ಟ್ರಿಕ್ ಗಾಡಿಯ ದೊಡ್ಡ ತೊಂದರೆಯೇ ಇದು, ಬರುವುದು ಗೊತ್ತಾಗುವುದಿಲ್ಲ, ಹಿಂದೆಲ್ಲ ಗಾಡಿಗಳು ಬೀದಿಗೇ ಡಂಗುರ ಸಾರಿಕೊಂಡು ಬರುತ್ತಿದ್ದವು, ಕಾಯುವವರಿಗೆ ಅದೊಂದು ಸುಖವಿತ್ತು. ಕಾಯುವುದೇನು ಬಂತು, ಯಾರು ಕಾಯುತ್ತಿದ್ದಾರೆ, ಯಂತ್ರವನ್ನು ಕಿಟಕಿಯ ಪಕ್ಕ ಇಟ್ಟುಕೊಂಡಿರುವುದು ಬೆಳಕಿಗೆ. ಅತ್ತಿಗೆ, ಆ ಕಾಲರು ನಿಮಗೇನು ಅನ್ಯಾಯ ಮಾಡಿದೆ, ಪಾಪ, ಎಷ್ಟು ಸಲ ಬಿಚ್ತೀರಿ — ಎದುರಿಗೆ ಗುಂಡಿ ಹಚ್ಚುತ್ತ ಕೂತ ನಾದಿನಿ, ಮದುವೆಯ ಗೊಡವೆಯೇ ಬೇಡವೆಂದು ಈ ಮನೆಯಲ್ಲೇ ಉಳಿದವಳು, ಅಣ್ಣ ತೀರಿಕೊಂಡ ಮೇಲೂ ಅತ್ತಿಗೆಯ ಕೈ ಬಿಡದವಳು, ಹಲ್ಲಿನಲ್ಲಿ ದಾರ ಕಚ್ಚಿಕೊಂಡೂ ಮಾತಾಡಬಲ್ಲವಳು. ನೀನು ಗುಂಡಿ ನೋಡ್ಕೋ ಅಂದಳು ಇವಳು. ಗುಂಡಿ ನೋಡ್ಕೊಂಡೇ ಹೇಳ್ತಿದೀನಿ ಅಂದಳು ಅವಳು.

ಕಿಟಕಿಯಾಚೆ ಗೋಡೆಯ ಮೇಲಿರುವ ಆ ಬಿಳಿ ಚಾರ್ಜಿಂಗ್ ಡಬ್ಬಿ ಗಂಡ ಹಾಕಿಸಿದ್ದು, ಸರ್ಕಾರ ಯಾವುದಕ್ಕೆ ಸಬ್ಸಿಡಿ ಕೊಟ್ಟರೂ ಅದು ತನಗೆಂದೇ ಕೊಟ್ಟದ್ದು ಎಂದು ನಂಬಿದ್ದ ಮನುಷ್ಯ, ಸೋಲಾರ್ ದೀಪ, ಗೊಬ್ಬರದ ಡ್ರಮ್ಮು, ಕೊನೆಗೆ ಎಲೆಕ್ಟ್ರಿಕ್ ಕಾರು, ಅದರ ಜೊತೆ ಅರ್ಧ ಬೆಲೆಗೆ ಈ ಡಬ್ಬಿ, ಹಾಕಿಸಿದ ದಿನ ಬೀದಿಯವರನ್ನೆಲ್ಲ ಕರೆದು ತೋರಿಸಿದ್ದ, ನೋಡಿ, ಪೆಟ್ರೋಲ್ ಬಂಕು ಈಗ ನನ್ನ ಅಂಗಳದಲ್ಲೇ ಇದೆ — ಈಗ ನೆನೆದರೆ ಅಳು ಬರುವುದಿಲ್ಲ, ನಗು ಬರುತ್ತದೆ, ಅದೇ ಒಳ್ಳೆಯದು, ಅವನಿಗೂ ಅದೇ ಇಷ್ಟವಾಗುತ್ತಿತ್ತು. ಅವನು ಹೋದ, ಕಾರು ಮಾರಿದ್ದಾಯಿತು, ಡಬ್ಬಿ ಗೋಡೆ ಹಿಡಿದು ಉಳಿಯಿತು. ಮನೆಯ ಚಾರ್ಜರನ್ನು ಬಾಡಿಗೆ ಗಾಡಿಯವರಿಗೆ ತೆರೆದಿಟ್ಟರೆ ಬಿಲ್ಲಿನಲ್ಲಿ ರಿಯಾಯಿತಿ ಎಂದು ವಿದ್ಯುತ್ ಕಚೇರಿಯವರು ಸಾರಿದಾಗ ನಾದಿನಿ, ಎಷ್ಟಾದರೂ ಆ ಅಣ್ಣನ ತಂಗಿ, ಮರುದಿನವೇ ಅರ್ಜಿ ಹಾಕಿ ಬಂದಳು. ಒಬ್ಬಿಬ್ಬರು ಬಂದು ಹೋದರು, ಈ ಟ್ಯಾಕ್ಸಿ ಡ್ರೈವರು ಮಾತ್ರ ನಿಂತರು, ದಿನಾ ಮಧ್ಯಾಹ್ನ, ಊಟದ ಹೊತ್ತು ಕಳೆದ ಮೇಲೆ. ಕುರ್ಚಿ ಕೊಟ್ಟರೆ ಬೇಡ ಅಂದರು, ಕಿಟಕಿಯ ಕೆಳಗಿನ ಮೆಟ್ಟಿಲ ಮೇಲೆ ಗೋಡೆಗೆ ಒರಗಿ ಕೂರುತ್ತಾರೆ, ಇವಳಿಗೆ ಕಾಣುವುದು ಅವರ ನೆತ್ತಿ, ನಡುವೆ ಕೂದಲು ತೆಳ್ಳಗಾದ ಜಾಗ, ಆ ಮನುಷ್ಯನ ಮುಖಕ್ಕಿಂತ ನೆತ್ತಿಯೇ ಇವಳಿಗೆ ಹೆಚ್ಚು ಪರಿಚಯ, ಅದರ ಮೇಲೆ ಇವಳಿಗೆ ಒಂಥರಾ ಅಕ್ಕರೆ. ಅವರಿಗೂ ಹೆಂಡತಿ ತೀರಿಕೊಂಡು ವರ್ಷಗಳಾಗಿವೆ, ಹಾಗಂತ ಒಮ್ಮೆ ಮಾತ್ರ ಹೇಳಿದ್ದರು, ಮತ್ತೆ ಆ ಮಾತೆತ್ತಲಿಲ್ಲ. ಎತ್ತುವುದೆಲ್ಲ ಸವಾರಿಗಳ ಮಾತು, ಅವರ ಕಥೆಗಳಿಗೆ ಕೊನೆಯೇ ಇರುವುದಿಲ್ಲ, ಜನ ಇಳಿಯುವ ಜಾಗ ಬಂದರೆ ಇಳಿದುಬಿಡುತ್ತಾರೆ, ಕಥೆ ಅವರ ಹಿಂದೆಯೇ ಇಳಿದು ಹೋಗುತ್ತದೆ. ಖಾಲಿ ಮೀನಿನ ತೊಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ದಾರಿಯುದ್ದಕ್ಕೂ ತನ್ನಷ್ಟಕ್ಕೆ ನಗುತ್ತಿದ್ದವನು, ಅವನ ಮೇಲೆ ಒಂದು ವಾರ ವಾದ ನಡೆದಿತ್ತು, ಮೀನು ಸತ್ತು ತಲೆ ಕೆಟ್ಟಿದೆ ಅಂತ ಅವರು, ಇಲ್ಲಾರೀ, ಯಾರಿಗೋ ಉಡುಗೊರೆ ಕೊಡೋಕೆ ಹೋಗ್ತಿದ್ದ ಅಂತ ಇವಳು, ಬಾಗಿಲ ಸಂದಿಯಿಂದ ನಾದಿನಿಯೂ ಮೂಗು ತೂರಿಸಿದ್ದಳು. ಅಷ್ಟೂ ಹೊತ್ತು ಡಬ್ಬಿಯ ಮೇಲೆ ಹಸಿರು ದೀಪ ಮಿಣುಕ್ ಮಿಣುಕ್ ಅನ್ನುತ್ತಿರುತ್ತದೆ, ಗಾಡಿ ಕರೆಂಟು ಕುಡಿಯುತ್ತಿದೆ ಎಂದರ್ಥ, ತುಂಬಿದ ಕೂಡಲೇ ಮಿಣುಕುವುದು ನಿಂತು ಸುಮ್ಮನೆ ಉರಿಯುತ್ತದೆ. ಅದು ಸುಮ್ಮನಾಯಿತೋ, ಅವರು ಎದ್ದರು, ಕಥೆ ಅರ್ಧದಲ್ಲಿದ್ದರೂ ಸರಿ, ತಂತಿ ಸುತ್ತಿಟ್ಟು ಹೊರಟರು. ತುಂಬಿದ ಮೇಲೆ ಒಂದು ಗಳಿಗೆಯೂ ಜಾಗ ಹಿಡಿದಿರಬಾರದು, ಅದು ನಮ್ಮ ಡ್ರೈವರುಗಳ ಮರ್ಯಾದೆ, ತುಂಬಿದ ಗಾಡಿ ನಿಲ್ಲಿಸ್ಕೊಂಡು ಕೂರೋನಂಥ ಗತಿಗೆಟ್ಟವನು ಇನ್ನೊಬ್ಬನಿಲ್ಲ, ಅಂದಿದ್ದರು. ಎಂಥ ಮರ್ಯಾದೆಯೋ, ಮಿಣುಕದೆ ನಿಂತ ಆ ದೀಪವನ್ನು ಕಂಡರೆ ಇವಳಿಗೆ ಮೈಯೆಲ್ಲ ಉರಿಯುತ್ತದೆ.

ಮತ್ತೆ ಕಾಲರು, ಸೂಜಿ, ದಾರ. ಬೀದಿ ಮೂಲೆಯ ಹೊಸ ಚಾರ್ಜಿಂಗ್ ಸ್ಟ್ಯಾಂಡಿನಲ್ಲಿ ರಿಬ್ಬನ್ನು ಇನ್ನೂ ನೇತಾಡುತ್ತಿದೆ, ತರಕಾರಿಗೆ ಹೋದಾಗ ನೋಡಿ ಬಂದಿದ್ದಳು, ಬಾಡಿಗೆ ಗಾಡಿಯವರಿಗೆ ಮೊದಲ ಮೂರು ತಿಂಗಳು ಪುಕ್ಕಟೆ, ಕಣ್ಣು ಮಿಟುಕಿಸುವುದರಲ್ಲಿ ತುಂಬುತ್ತದಂತೆ, ಕೈಗೊಂದು ಚೀಟಿ ಬೇರೆ ಕೊಟ್ಟರು. ಸುಮ್ಮನಿರಬಹುದಿತ್ತು. ನಿನ್ನೆ ತಾನಾಗಿಯೇ ಕಿಟಕಿಗೆ ಬಂದು, ನೀವು ಇನ್ಮೇಲೆ ಅಲ್ಲೇ ಹೋಗಿ, ಬೇಗ ಆಗುತ್ತೆ, ಖರ್ಚೂ ಇಲ್ಲ, ಇಲ್ಯಾಕೆ ಸುಮ್ನೆ ಗಂಟೆಗಟ್ಟಲೆ — ಅಂದುಬಿಟ್ಟಳು, ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡಳು. ಅವರಿಗೆ ಒಳ್ಳೆಯದಾಗಲಿ ಅಂತಲೇ ಅಂದದ್ದು, ನಿಜ, ಆದರೆ ಅವರು ಇಲ್ಲ ಅನ್ನಲಿ ಅಂತಲೂ ಅಂದದ್ದು, ಅದೂ ನಿಜ. ಅವರು ತಂತಿ ಸುತ್ತುತ್ತ ಒಂದೇ ಮಾತು ಹೇಳಿದರು, ಆಯ್ತು. ಆಯ್ತು ಅಂದರೆ ಹೋಗುತ್ತೇನೆ ಅಂತಲೋ, ಕೇಳಿಸಿತು ಅಂತಲೋ, ಇಷ್ಟು ದಿನ ಹೇಳದೆ ಇದ್ದಿರಲ್ಲ ಅಂತಲೋ, ಬೇಸರವಾಯಿತೋ, ನಿರಾಳವಾಯಿತೋ, ರಾತ್ರಿಯೆಲ್ಲ ಆ ಆಯ್ತನ್ನು ಮಗ್ಗುಲು ಬದಲಿಸಿ ಬದಲಿಸಿ ಕೇಳಿಸಿಕೊಂಡಳು. ಈ ವಯಸ್ಸಿನಲ್ಲಿ ಇದೆಲ್ಲ ಏನು, ನಗಾಡಿಯಾರು, ನಗಾಡಲಿ. ಅವರು ಬರದಿದ್ದರೆ ಎಂದು ಇವಳಿಗೆ ಭಯ, ಮುಚ್ಚಿಡುವುದೇನಿದೆ, ಭಯವೇ, ಈ ಕೋಣೆಯ ಮಧ್ಯಾಹ್ನಗಳು ಬರೀ ಬಟ್ಟೆಯಾಗಿಬಿಡುತ್ತವೆ ಎಂಬ ಭಯ. ಬಿಸಿಲು ಆಗಲೇ ಮೆಟ್ಟಿಲು ದಾಟಿ ಹೋಗಿತ್ತು, ದಿನಾ ಬರುವ ಹೊತ್ತು ಮೀರಿತ್ತು. ನಾದಿನಿ ತಮಾಷೆ ನಿಲ್ಲಿಸಿದ್ದಳು, ಅದು ಇನ್ನೂ ಕೆಟ್ಟದು.

ಬಂದದ್ದು ಗೊತ್ತಾಗಲೇ ಇಲ್ಲ, ತಂತಿ ಎಳೆದ ಸದ್ದು, ಪ್ಲಗ್ಗು ಟಕ್ಕೆಂದು ಕೂತ ಸದ್ದು, ಮೆಟ್ಟಿಲ ಮೇಲೆ ಕೂರುವಾಗಿನ ಆ ಉಸ್ಸಪ್ಪ, ಕಿಟಕಿಯ ಕೆಳಗೆ ನೆತ್ತಿ. ತಲೆ ಎತ್ತಬಾರದು, ಕಾಲರು ನೋಡು, ಎದೆ ಯಂತ್ರಕ್ಕಿಂತ ಜೋರಾಗಿ ಓಡುತ್ತಿದೆ, ಮೂಲೆಯಲ್ಲಿ ಸಾಲಿದ್ದಿರಬೇಕು, ಅದಕ್ಕೇ ಬಂದಿದ್ದಾರೆ, ನಾಳೆ ಸಾಲಿರುವುದಿಲ್ಲ, ನಾಳೆ ಬರುವುದಿಲ್ಲ. ಇವತ್ತೊಬ್ಬ ಅಜ್ಜಿ ಹತ್ತಿದ್ರು ಅಂತ ಅವರು ಶುರು ಮಾಡಿದರು, ಎಂದಿನ ಹಾಗೆ, ಗಾಡಿ ಸದ್ದೇ ಮಾಡಲ್ವಲ್ಲಪ್ಪ, ನಿಜವಾಗ್ಲೂ ಹೋಗ್ತಿದೆಯಾ ಅಂತ ದಾರಿಯುದ್ದಕ್ಕೂ ಕೇಳಿದರಂತೆ, ಇವಳು ನಕ್ಕಳು, ನಗುತ್ತಲೇ ಇನ್ನೆಷ್ಟು ಹೊತ್ತಿದೆಯೋ ಎಂದು ಅಭ್ಯಾಸದಂತೆ ದೀಪದತ್ತ ನೋಡಿದಳು. ಮಿಣುಕುತ್ತಿಲ್ಲ. ಹಸಿರು, ಸುಮ್ಮನೆ. ಗಂಡ ಹಾಕಿಸಿದ ಡಬ್ಬಿ, ಇವತ್ತೇ ಕೈಕೊಡಬೇಕಿತ್ತೇ, ಹೇಳದಿದ್ದರೆ ಮೋಸವಾಗುತ್ತದೆ, ಹೇಳಿದರೆ ಎದ್ದು ಹೋಗುತ್ತಾರೆ, ಹೇಳಿದಳು. ನೋಡಿ, ಡಬ್ಬಿ ಕೆಟ್ಟಿದೆ ಅನ್ಸುತ್ತೆ, ದೀಪ ಮಿಣುಕ್ತಿಲ್ಲ. ಕೆಟ್ಟಿಲ್ಲ ಅಂದರು, ತಿರುಗಿಯೂ ನೋಡದೆ. ನಾದಿನಿಯ ಸೂಜಿ ನಿಂತಿತು. ನೀವೇ ಹೇಳಿದ್ರಲ್ಲ, ಅಲ್ಲಿ ಹೋಗಿ ಅಂತ. ಹೋಗಿ ತುಂಬಿಸ್ಕೊಂಡು ಬಂದೆ. ಅಷ್ಟು ಹೇಳಿ ಅವರು ಅಜ್ಜಿಯ ಕಥೆಗೆ ಮರಳಿದರು, ಅಜ್ಜಿ ಎಲ್ಲಿ ಇಳಿದರೋ, ಏನು ಹೇಳಿದರೋ, ಇವಳಿಗೆ ಕೇಳಿಸಲಿಲ್ಲ, ತುಂಬಿದ ಗಾಡಿ, ಗೋಡೆಗೆ ಕಟ್ಟಿದ ತಂತಿ, ನೆತ್ತಿಯ ಆಚೀಚೆ ಕೆಂಪಾದ ಎರಡು ಕಿವಿಗಳು, ಹಸಿರು ದೀಪ, ಮಿಣುಕುತ್ತಿಲ್ಲ, ಅವರು ಏಳುತ್ತಿಲ್ಲ, ಹಸಿರು ದೀಪ, ಸುಮ್ಮನೆ ಉರಿಯುತ್ತಿದೆ, ಅವರು ಏಳುತ್ತಿಲ್ಲ, ಹಸಿರು ದೀಪ