ಮಡಿಕೆ ಬೀಳದ ಕೊಳವೆ

ಬಂಪರು ನುಚ್ಚುನೂರು, ದೀಪಗಳಿದ್ದ ಕಡೆ ಬರೀ ತೂತು, ರೇಡಿಯೇಟರಿನ ಹಸಿರು ನೀರು ಇನ್ನೂ ತೊಟ್ಟಿಕ್ಕುತ್ತಿದೆ, ಆದರೆ ಇದೇನಿದು, ಬಂಪರಿನ ಹಿಂದಿನ ಚೌಕ ಕೊಳವೆ ನೆಟ್ಟಗಿದೆಯಲ್ಲ, ಮೊನ್ನೆ ಸೇತುವೆಯ ಕಂಬಕ್ಕೆ ಗುದ್ದಿದ ತಂಗಿ ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಿಲ್ಲ, ಅವಳ ಕಾರಿನ ಕೊಳವೆಗೆ ಒಂದು ಮಡಿಕೆ ಬಿದ್ದಿಲ್ಲ — ಅಪ್ಪನ ಗ್ಯಾರೇಜಿನ ಎಣ್ಣೆ ನೆಲದಲ್ಲಿ ಅಕ್ಕ ಕುಕ್ಕರಗಾಲಲ್ಲಿ ಕೂತಳು, ಮಡಚಬೇಕಿತ್ತು, ಮಡಚೋದೇ ಅದರ ಕೆಲಸ, ಲ್ಯಾಬಿನಲ್ಲಿ ಇಂಥ ತೆಳು ತಗಡಿನ ಕೊಳವೆಗಳ ನೆತ್ತಿ ಮೇಲೆ ಭಾರದ ಗುಂಡು ಬಿಡೋದಕ್ಕೇ ಅವಳಿಗೆ ಸಂಬಳ, ಧಡಾರ್ ಅಂತ ಬಿದ್ದರೆ ತಗಡು ನೆರಿಗೆ ನೆರಿಗೆಯಾಗಿ ಕೂರುತ್ತೆ, ಒಂದೊಂದು ನೆರಿಗೆಯೂ ಏಟನ್ನು ಅಷ್ಟಷ್ಟೇ ನುಂಗುತ್ತೆ, ಒಳಗೆ ಕೂತವರಿಗೆ ಮುಟ್ಟೋದು ಚೂರುಪಾರು, ಮಡಚದಿದ್ದರೆ ಏಟು ಎಲ್ಲಿಗೆ ಹೋಗಬೇಕು, ನೇರ ಒಳಗೆ, ಸೀಟಿಗೆ, ಬೆಲ್ಟು ಬಿಗಿದ ಎದೆಗೆ. ಮಸಿ ಒರೆಸಿದಳು, ವೆಲ್ಡಿಂಗ್ ಗೆರೆ ಕಂಡಿತು, ಹೊಲಿಗೆ ಹಾಕಿದಷ್ಟು ನೀಟು, ಯಾರ ಕೈಕೆಲಸ ಅಂತ ಕೇಳಬೇಕೆ.

ನಾನೇ ಕಣೆ, ಅಪ್ಪ ಹಿಂದೆ ಬಂದು ನಿಂತಿದ್ದ, ಕೊಳವೆ ಒಳಗಡೆ ದಪ್ಪ ಉಕ್ಕಿನ ಪಟ್ಟಿ ತುಂಬಿದೀನಿ, ನೋಡು, ಒಂದು ಗೀಟು ಬಿದ್ದಿಲ್ಲ, ನೀನೇ ಅಂದಿದ್ದೆಯಲ್ಲ ಊಟಕ್ಕೆ ಕೂತಾಗ, ಈಗಿನ ಕಾರಿನ ಮೂತಿ ಕಾಗದದ ಹಾಗೆ ಮಡಚಿಕೊಳ್ಳುತ್ತೆ ಅಂತ, ಕೇಳಿ ನನಗೆ ನಿದ್ದೇನೇ ಬರಲಿಲ್ಲ, ಮಾರನೇ ದಿನವೇ ನಿನ್ನ ತಂಗಿ ಕಾರಿಗೆ ಹಾಕಿದೆ. ಅಯ್ಯೋ, ಹಾಗಂತ ಅಂದಿದ್ದಳು ನಿಜ, ಅದಕ್ಕೇ ಜನ ಬದುಕೋದು ಅಂತಲೂ ಅನ್ನೋಳಿದ್ದಳು, ಅಷ್ಟರಲ್ಲಿ ತಂಗಿ ಬಾಯಿ ಹಾಕಿದಳು, ಅಪ್ಪ ನೆಟ್ಟಗೆ ಮಾಡಿ ಸಂಪಾದಿಸ್ತಾನೆ, ಅಕ್ಕ ಮುರಿದು ಸಂಪಾದಿಸ್ತಾಳೆ, ಒಳ್ಳೇ ಸಂಸಾರ ಬಿಡಿ, ಎಲ್ಲರೂ ಬಿದ್ದು ಬಿದ್ದು ನಕ್ಕರು, ಅಕ್ಕನಿಗೂ ನಗು ತಡೆಯಲಾಗದೆ ಕೆಮ್ಮು ಬಂತು, ಅಮ್ಮ ನೀರು ಕೊಟ್ಟಳು, ಉಳಿದರ್ಧ ಮಾತು ತಟ್ಟೆಯಲ್ಲೇ ಉಳಿಯಿತು. ಈಗ ಹೇಳಿಬಿಡಲೇ, ಯಾವ ಬಾಯಲ್ಲಿ ಹೇಳಲಿ, ಅಪ್ಪ, ಏಟು ನುಂಗೋ ಬಾಯನ್ನೇ ನೀನು ಹೊಲಿದುಬಿಟ್ಟೆ ಅಂತಲೇ, ನನ್ನ ಮಾತು ಕೇಳಿ ಹೊಲಿದೆ ಅಂತಲೇ, ಮಗಳ ಮೇಲಿನ ಪ್ರೀತಿಯಿಂದ ವೆಲ್ಡಿಂಗ್ ಬೆಂಕಿ ಹಚ್ಚಿದ ಈ ಕೈಗಳಿಗೆ — ಹೇಳಬೇಕು, ನಾಳೆ ಇನ್ಯಾರದೋ ಕಾರಿಗೂ ಹಾಕ್ತಾನೆ, ಹೇಳಲೇಬೇಕು, ಅಪ್ಪ, ಅಂದಳು, ಹ್ಞಾಂ ಅಂದ, ಅಷ್ಟರಲ್ಲಿ ಫೋನು.

ಅಮ್ಮನದು. ಅಪ್ಪನೇ ತೆಗೆದ, ಹೂಂ ಅಂದ, ಯಾವಾಗ ಅಂದ, ಆಮೇಲೆ ಫೋನು ಕಿವಿಯಲ್ಲೇ ಇಟ್ಟುಕೊಂಡು ಕಾರಿನ ಪಕ್ಕ ಕುಸಿದ, ಅವಳಿಗೆ ಕೇಳೋದೇನೂ ಉಳಿದಿರಲಿಲ್ಲ, ತಂಗಿ ಹೋದಳು, ನಗಿಸ್ತಿದ್ದ ಬಾಯಿ ಹೋಯಿತು. ಅಪ್ಪನ ಕೈ ಕೊಳವೆಯನ್ನು ಸವರುತ್ತಿತ್ತು, ಪಟ್ಟಿ ಇಲ್ಲದಿದ್ದರೆ ಅಲ್ಲೇ ಹೋಗಿಬಿಡೋಳು, ಎರಡು ದಿನವಾದರೂ ಉಸಿರು ಉಳಿದಿತ್ತು, ಅಲ್ವೇನೇ, ನೀನು ಓದಿದವಳು, ಹೇಳೇ. ಅವಳು ಆ ಕಣ್ಣನ್ನೇ ನೋಡಿದಳು. ಹೌದಪ್ಪ, ಅಂದಳು. ಅಪ್ಪ ಮೂಗು ಒರೆಸಿಕೊಂಡು ಕೈ ಚಾಚಿದ, ಇನ್ನು ನೀನೊಬ್ಬಳೇ ಇರೋದು, ನಿನ್ನ ಕಾರಿನ ಕೀ ಕೊಟ್ಟು ಹೋಗು, ಅದಕ್ಕೂ ಪಟ್ಟಿ ಹಾಕ್ತೀನಿ. ಕೊಟ್ಟಳು, ಕೊಟ್ಟೇಬಿಟ್ಟಳು, ಅಪ್ಪನ ಅಂಗೈ ಮುಚ್ಚಿತು, ಮುಂದೆ ಕೊಳವೆ, ನೆಟ್ಟಗೆ, ಒಂದು ಮಡಿಕೆ ಇಲ್ಲ, ನೆಟ್ಟಗೆ, ಒಂದೇ ಒಂದು ಮಡಿಕೆಯೂ —