ನೆರಳಲ್ಲಿ ಒಣಗಿದ ನೆಲಬೇವು

ಝಳಕಿಯ ಸಾತವ್ವ ತೀರಿಕೊಂಡ ಸುದ್ದಿ ಬಂದಾಗ ವೃಂದಾ ಇಂಡಿ ಪಟ್ಟಣದ ಪ್ರಯೋಗಾಲಯದಲ್ಲಿ ನೆಲಬೇವಿನ ಸಾರ ಸೋಸುತ್ತಿದ್ದಳು. ಫೋನಿನಲ್ಲಿ ಸಾತವ್ವನ ಮಗ ಮಾಳಿಂಗ ಹೇಳಿದ್ದು ಎರಡೇ ಮಾತು.

"ಅವ್ವ ಮುಂಜಾನೆ ಹೋದ್ಳ್ರಿ, ಅಕ್ಕಾರ. ಕಡೀತನಕ ನಾ ಏನೂ ಬೆರಸಿಲ್ಲ ಅಂತಿದ್ಳು."

ವೃಂದಾ ಗಾಜಿನ ಲೋಟ ಕೆಳಗಿಟ್ಟು, ಸಾತವ್ವನ ಸೊಪ್ಪಿನ ಹಳೆಯ ವರದಿ ಹೊರತೆಗೆದಳು.

ಔಷಧ ತಯಾರಿಸುವವರು ಯಾರ ಸೊಪ್ಪು ಕೊಳ್ಳಬೇಕೆಂಬುದು ಅವಳ ವರದಿಯ ಮೇಲೆ ನಿಂತಿತ್ತು. ಲಿಕ್ವಿಡ್ ಕ್ರೊಮ್ಯಾಟೋಗ್ರಫಿ ಯಂತ್ರವು ಸಾರದೊಳಗಿನ ಅಂಶಗಳನ್ನು ಬೇರ್ಪಡಿಸಿ, ಔಷಧಗುಣದ ಕಹಿ ಎಷ್ಟಿದೆಯೆಂದು ಪರದೆಯ ಮೇಲೆ ಶಿಖರದಂತೆ ಗೆರೆ ಎಳೆಯುತ್ತಿತ್ತು. ಎರಡು ವರ್ಷ ಪುಸ್ತಕ ಓದಿ ವೃಂದಾ ತನ್ನ ಹಿತ್ತಲಲ್ಲಿ ಬೆಳೆದ ಸೊಪ್ಪಿನ ಶಿಖರ ಗಿಡ್ಡ. ಕುರಿ ಕಾಯುವ ಸಾತವ್ವನದು ಅದರ ಎರಡರಷ್ಟು. ಮೂರು ಸಲ ನೋಡಿದರೂ ಅದೇ. ಅಕ್ಷರ ಬಾರದವಳ ಹೆಸರನ್ನು ಪಟ್ಟಿಯಲ್ಲಿ ತನ್ನ ಹೆಸರಿನ ಮೇಲೆ ಬರೆಯಬೇಕೆ? ಹೊಟ್ಟೆಯ ಕಿಚ್ಚು ಕೈಗೆ ಬಂತು. ಸಾತವ್ವನ ಸೊಪ್ಪಿಗೆ 'ಕಲಬೆರಕೆಯ ಶಂಕೆ' ಎಂದು ಬರೆದಿದ್ದಳು. ಸೊಪ್ಪು ಕೂಡಿಸಿ ಮಾರುತ್ತಿದ್ದ ಝಳಕಿಯ ಮಹಿಳಾ ಸಂಘ ಸಾತವ್ವನ ಚೀಲವನ್ನು ತಿರುಗಿ ಕಳಿಸಿತ್ತು.

ಮರುದಿನವೇ ಮುದುಕಿ ಬಸ್ಸು ಹತ್ತಿ, ನಿಲ್ದಾಣದಿಂದ ಬಿಸಿಲಲ್ಲಿ ನಡೆದು ವೃಂದಾಳ ಮನೆಗೆ ಬಂದಿದ್ದಳು.

"ಎವ್ವಾ, ನಾ ಏನ್ ಬೆರಸೀನಿ ಹೇಳು."

"ನಾ ಹೇಳಿದ್ದಲ್ಲ, ಯಂತ್ರ ಹಂಗ ಹೇಳೇದ."

"ಯಂತ್ರಕ್ಕ ನನ್ನ ಮ್ಯಾಲ ಯಾಕ ಸಿಟ್ಟು?" ಎಂದು ನಕ್ಕಿದ್ದಳು ಸಾತವ್ವ. ಕಿಟಕಿಯಾಚೆ ವೃಂದಾಳ ಸೊಪ್ಪು ಬಿಸಿಲಿಗೆ ಹರಡಿತ್ತು. "ಹಿಂಗ ಬಿಸಲಾಗ ಹಾಕಬ್ಯಾಡ, ಸತ್ವ ಹೋಗ್ತೈತಿ. ನಾ ಕಂಬಳಿ ಹಾಸಿ ನೆರಳಾಗ ಒಣಗಸ್ತೇನಿ."

"ನನಗ ಕಲಸಲಿಕ್ಕೆ ಬಂದೀಯೇನು?"

ಸಾತವ್ವ ಸೆರಗು ತಲೆಗೆಳೆದುಕೊಂಡು ಬಸ್ ನಿಲ್ದಾಣದ ಕಡೆ ನಡೆದಿದ್ದಳು.

ಸುದ್ದಿ ಬಂದ ದಿನವೇ ವೃಂದಾ ತನ್ನ ಹಿತ್ತಲ ಸೊಪ್ಪು ಕೊಯ್ದು ಪಡಸಾಲೆಯಲ್ಲಿ ಕಂಬಳಿಯ ಮೇಲೆ ಹರಡಿದಳು. ಒಣಗಿದ ಮೇಲೆ ಸಾರ ತೆಗೆದು ಯಂತ್ರಕ್ಕೆ ಕೊಟ್ಟಳು. ಶಿಖರ ಸಾತವ್ವನದರ ಹತ್ತಿರ ಬಂದು ನಿಂತಿತು.

ಒಂಬತ್ತನೆಯ ದಿನ ಝಳಕಿಗೆ ಹೋಗಿ, ಸಾತವ್ವನ ಮನೆಯಲ್ಲಿ ಸಂಘದ ಹೆಂಗಸರೆದುರು ಹೊಸ ವರದಿ ಓದಿದಳು: "ಸಾತವ್ವನ ಸೊಪ್ಪು ಶುದ್ಧ. ಹಿಂದಿನ ವರದಿ ಸುಳ್ಳು. ಗೊತ್ತಿದ್ದೇ ಬರೆದೆ." ಅದರ ಪ್ರತಿ ಔಷಧದವರಿಗೂ ಹೋಗಿತ್ತು.

"ಅವ್ವ ಇದ್ದಾಗ ಬರಬೇಕಿತ್ರಿ," ಎಂದ ಮಾಳಿಂಗ.

"ಹೌದಪ್ಪಾ," ಎಂದಳು ವೃಂದಾ.

ಗೋಡೆಯ ಬದಿಗೆ ಮಡಚಿಟ್ಟ ಸಾತವ್ವನ ಕಂಬಳಿಯಿಂದ ಇನ್ನೂ ನೆಲಬೇವಿನ ವಾಸನೆ ಬರುತ್ತಿತ್ತು. ಅದರ ಮುಂದೆ ಕುಳಿತು ಅವಳು ಕೈಮುಗಿದಳು. ವಿಠ್ಠಲಾ, ಬಿಸಿಲಲ್ಲಿ ನಡೆದು ಬಂದ ಆ ತಾಯಿಗೆ ನಾನು ಕುಳಿತುಕೋ ಎನ್ನಲಿಲ್ಲ. ನಿನ್ನ ಪಾದದ ನೆರಳಲ್ಲಿ ಆ ಜೀವಕ್ಕೆ ಶಾಂತಿ ಕೊಡು.